ಸಮ್ಮೇಳನದ ದಿನ ನಾನು ಕೊಟ್ಟ ಎಲೆ

ಆ ಪಟ್ಟಿಯನ್ನು ಮೊದಲು ಕಟ್ಟಿದ್ದು ನನ್ನ ಎದೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದುದಕ್ಕೆಲ್ಲ ನನ್ನ ಮನಸ್ಸು ಹಿಡಿದುಕೊಂಡಿದ್ದ ನೆವ ಇದೊಂದೇ.

ಮಳೆಗಾಲ ಕಳೆದು ನಾವುಂದದ ಕಡಲಬದಿಯಲ್ಲಿ ಕೈರಂಪಣಿ ಶುರುವಾದ ಕೆಲವು ದಿನಕ್ಕೆ ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಕೈರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿ ಅದನ್ನು ಕಡಲಲ್ಲಿ ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ಎರಡು ಗುಂಪು ಹಿಡಿದು, ಹಿಮ್ಮಡಿ ಮರಳಿಗೆ ಊರಿ, ಬೆನ್ನು ಹಿಂದಕ್ಕೆ ಒರಗಿಸಿ ಎಳೆಯುತ್ತಾ ಹಿಂದೆ ಹಿಂದೆ ಹೋಗಬೇಕು. ನಾನು ಆ ಬಲೆಯ ತಾಂಡೇಲ. ಯಾವ ಹಗ್ಗ ಬಿಗಿಯಬೇಕು, ಯಾವುದು ಸಡಿಲ ಬಿಡಬೇಕು ಎಂದು ನೋಡಿ ಕೂಗುವವನು. ನನ್ನ ಕೂಗಿನ ತಾಳಕ್ಕೆ ಉಳಿದವರ ಕೈ ಹೋಗುತ್ತದೆ.

ಮೇಡಂ ಮೂಲದಲ್ಲಿ ಕುಂದಾಪುರದ ಬದಿಯ ಸಿದ್ದಾಪುರದವರು. ಹಾಗಾಗಿ ನಮ್ಮ ಮಾತೇ ಆಡಿದರು.

"ತಾಂಡೇಲ್ರೆ, ನಿಮ್ಮ ಜನ ನಂಗೆ ಒಂದ್ ಸೀಸನ್ ಬೇಕ್. ನಿಮ್ಮ ಕೆಲ್ಸಕ್ಕೆ ಅಡ್ಡ ಬತ್ತಿಲ್ಲೆ."

"ಮೀನ್ ಸಿಕ್ಕುದ್ ನಮ್ಗೆ. ನಿಮ್ಗೆಂತ ಸಿಕ್ಕುತ್ತ್ ಮೇಡಂ?"

"ನಿಮ್ಮ ಎದೆ ಬಡ್ಕಂಬುದ್ ಸಿಕ್ಕುತ್ತ್."

ಎಲ್ಲರೂ ನಕ್ಕರು. ಹಗ್ಗದ ಹಿಂದಿನಿಂದ ಯಾರೋ ಹೇಳಿದರು: "ತಾಂಡೇಲ್ರದ್ ಬ್ಯಾಡ ಮೇಡಂ. ಅವ್ರ್ ಎದೆಯೊಳ್ಗೆ ಬರೀ ಹೊಗೆಸೊಪ್ಪೇ ಇಪ್ಪುದ್."

ಅದು ಸುಳ್ಳಲ್ಲ. ನನ್ನ ಸೊಂಟದಲ್ಲಿ ಹೊಗೆಸೊಪ್ಪಿನ ಡಬ್ಬಿ ಇಲ್ಲದ ದಿನವಿಲ್ಲ. ಆದರೂ ಮೇಡಂ ಮೊದಲು ನನ್ನನ್ನೇ ಕರೆದು, ಕಪ್ಪು ಪಟ್ಟಿಯೊಂದನ್ನು ನೀರಿನಲ್ಲಿ ಒದ್ದೆ ಮಾಡಿ ನನ್ನ ಎದೆಗೆ ಬಿಗಿದರು. ಒದ್ದೆ ಇದ್ದರೆ ಚರ್ಮದಿಂದ ಬಡಿತ ಚೆನ್ನಾಗಿ ಸಿಗುತ್ತದಂತೆ. ಅವರ ಕೈಯ ಗಡಿಯಾರದಂಥ ಯಂತ್ರದಲ್ಲಿ ಅಂಕಿ ಮೂಡಿತು. ದಡದಲ್ಲಿ ಮೀನಿಗೆ ಕಾಯುತ್ತಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ನನಗೆ ಆಗ ಆದ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಇಲ್ಲಿ ಇನ್ನೊಬ್ಬನ ವಿಷಯ ಹೇಳಬೇಕು. ಹಗ್ಗ ಹಿಡಿದ ಸಾಲಿನಲ್ಲಿ ಕಡಲಿಗೆ ಎಲ್ಲರಿಗಿಂತ ಹತ್ತಿರ, ಅಲೆ ಸೊಂಟಕ್ಕೆ ಬಡಿಯುವಲ್ಲಿ ನಿಲ್ಲುವವನನ್ನು ನಾವು ಮೊದಲ ಕೈ ಎನ್ನುತ್ತೇವೆ. ಬಹಳ ವರ್ಷ ಆ ಜಾಗ ನನ್ನದಾಗಿತ್ತು. ಮೊಣಕಾಲು ಸೋತ ಮೇಲೆ ಅದನ್ನು ನಾನೇ ಒಬ್ಬನಿಗೆ ಬಿಟ್ಟುಕೊಟ್ಟೆ. ಅವನು ನನಗಿಂತ ತುಂಬಾ ಚಿಕ್ಕವನು, ಮುಂಬೈಯ ಕ್ಯಾಂಟೀನೊಂದರಲ್ಲಿ ದುಡಿದು ದುಡಿದು ಊರಿಗೆ ತಿರುಗಿ ಬಂದವನು. ಹಗ್ಗ ಹಿಡಿಯುವುದನ್ನು ನಾನೇ ಕಲಿಸಿದೆ. ನನ್ನನ್ನು ಅಣ್ಣಯ್ಯ ಎಂದೇ ಕರೆಯುತ್ತಾನೆ. ಈ ಬರಹದಲ್ಲಿ ಅವನನ್ನು ಮೊದಲ ಕೈ ಎಂದೇ ಕರೆಯುತ್ತೇನೆ.

ಇನ್ನೊಂದು ಕ್ರಮವನ್ನೂ ತಿಳಿಸಬೇಕು. ದೋಣಿ ನೀರಿಗೆ ಇಳಿಯುವ ಮೊದಲು ತಾಂಡೇಲ ಒಬ್ಬೊಬ್ಬರ ಕೈಗೂ ಎಲೆಯಡಿಕೆ ಮಡಚಿ ಕೊಡುತ್ತಾನೆ. ಎಲೆ ಹಿಡಿದವನು ಆ ದಿನ ಬಲೆಯವನು. ಬೇಡ ಎಂದವನು ಮನೆಗೆ ಹೋಗಬೇಕು. ಉಪವಾಸ ಇದ್ದವರೂ ಅದನ್ನು ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ಉಪವಾಸ ಕೆಟ್ಟಿತೆಂದು ಯಾರೂ ಎಣಿಸುವುದಿಲ್ಲ. ಬಲೆಯ ಎಲೆ ನಮ್ಮಲ್ಲಿ ತಿಂದ ಲೆಕ್ಕಕ್ಕೆ ಬರುವುದಿಲ್ಲ. ಮೇಡಂ ಇದನ್ನು ದಿನವೂ ಕಂಡರು, ತಡೆಯಲಿಲ್ಲ. "ದಡದಲ್ಲಿ ನಿಮ್ಮ ದಿನ ಹೆಂಗೆ ಇತ್ತೋ ಹಂಗೇ ಇರ್ಲಿ" ಎಂದರು.

ಆ ಋತುವಿನ ಉದ್ದಕ್ಕೂ ಅಳತೆ ನಡೆಯಿತು. ಪಟ್ಟಿ ಕಟ್ಟುವುದು ಸುಲಭ, ಅದು ಎದೆಯಲ್ಲಿ ನಿಲ್ಲುವುದು ಕಷ್ಟ. ನಮ್ಮವರು ಉಪ್ಪುಗಾಳಿಗೆಂದು ಮೈಗೆ ಎಣ್ಣೆ ಹಚ್ಚಿ ಬರುವವರು. ಎರಡು ಎಳೆತಕ್ಕೆ ಪಟ್ಟಿ ಜಾರಿ ಸೊಂಟಕ್ಕೆ ಇಳಿಯುತ್ತಿತ್ತು. ಎಣ್ಣೆ ಬಿಡಿಸಿದ ಮೇಲೆ ಮರಳು ಪಟ್ಟಿಯೊಳಗೆ ಸೇರಿ ಚರ್ಮ ಕೆಂಪಾಯಿತು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಿದ್ದರು. ಮೈ ಎಷ್ಟು ದಣಿದಿದೆ ಎಂದು ಅದರಲ್ಲಿ ತಿಳಿಯುತ್ತದಂತೆ. ಬಂಗುಡೆಯ ಗುಂಪು ಬಲೆಗೆ ಬಿದ್ದ ದಿನ ಮಾತ್ರ ಯಾರೂ ಬೆರಳು ಕೊಡಲಿಲ್ಲ. ಮೇಡಂ ಸೂಜಿ ಹಿಡಿದು ನಮ್ಮ ಹಿಂದೆ ಓಡಿದರು, ಕೊನೆಗೆ ಅವರೂ ಹಗ್ಗಕ್ಕೆ ಕೈ ಹಾಕಿದರು.

ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ದೋಣಿ ಇಡುವ ಚಪ್ಪರದಡಿ ಲ್ಯಾಪ್‌ಟಾಪ್ ತೆರೆದು ನಮಗೆ ಗೆರೆಗಳನ್ನು ತೋರಿಸಿದರು. ಒಂದೊಂದು ಗೆರೆ ಒಬ್ಬೊಬ್ಬನ ಎದೆಯದ್ದು. ಕೆಂಪು ಗೆರೆ ನನ್ನದು, ನೀಲಿ ಗೆರೆ ಮೊದಲ ಕೈಯದು.

ನನ್ನ ಗೆರೆ ಮೇಲೆ ಹಾರುತ್ತಿತ್ತು. ನಾನು ಹಗ್ಗ ಮುಟ್ಟದೆ ಬರಿದೇ ನಿಂತು ಕೂಗುವಾಗಲೂ ಹಾರುತ್ತಿತ್ತು. ಅವನದು, ಎಲ್ಲರಿಗಿಂತ ಹೆಚ್ಚು ಭಾರ ಎಳೆಯುವಾಗಲೂ, ಇಳಿತದ ಕಡಲಿನ ಹಾಗೆ ತಗ್ಗಿನಲ್ಲೇ ಹೋಗುತ್ತಿತ್ತು. ಅವನ ಎದೆ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ, ಅದಕ್ಕೆ ಅವಸರವಿಲ್ಲ ಎಂದು ಮೇಡಂ ವಿವರಿಸಿದರು. ಇಷ್ಟು ವರ್ಷದ ಎಳೆತ ಅವನ ಎದೆಯನ್ನು ಹಾಗೆ ಪಳಗಿಸಿದೆ, ಕುಂದಾಪುರದಲ್ಲಿ ನಡೆಯಲಿರುವ ಸಮ್ಮೇಳನದಲ್ಲಿ ಇದನ್ನು ಎಲ್ಲರೂ ನೋಡಬೇಕು ಎಂದರು.

"ಅಲ್ಲ ತಾಂಡೇಲ್ರೆ, ನಿಮ್ಮ ಗೆರೆ ಬಂಗ್ಡಿ ಹಾರ್ದಂಗ್ ಹಾರ್ತ್ ಕಾಣಿ" ಎಂದ ಒಬ್ಬ.

"ಕೆಲ್ಸ ಎಲ್ಲ ಗಂಟ್ಲಿಗೇ ಅಲ್ದಾ" ಎಂದ ಇನ್ನೊಬ್ಬ.

ಮೊದಲ ಕೈ ನನ್ನ ಪರವಾಗಿ ಮಾತಾಡಿದ. "ಅಣ್ಣಯ್ಯ ಕೂಗ್ದೆ ಇದ್ರೆ ನಾನ್ ಎಂತ ಎಳುದ್? ಅವ್ರ್ ಸ್ವರ ಕೇಂಡೇ ನನ್ನ ಕೈ ಹೋಪುದ್."

ಹಾಸ್ಯ ಮಾಡಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಆ ಮಾತಿಗೆ ಬಂತು. ನನ್ನ ಮೇಲೆ ಕರುಣೆ ತೋರಿಸುವಷ್ಟು ಅವನು ಎತ್ತರಕ್ಕೆ ಹೋದನಲ್ಲ ಎಂದು. ಆ ದಿನದಿಂದ ಅವನು ಹಗ್ಗ ಹಿಡಿದಾಗಲೆಲ್ಲ ನಾನು ಅವನ ಕೈ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದೆ. ಅದು ನಿಧಾನವಾಗಿ ಏರಿ ಇಳಿಯುವುದನ್ನು ಕಂಡರೆ ನಾನು ಇನ್ನೂ ಬೇಗ ಬೇಗ ಕೂಗುತ್ತಿದ್ದೆ.

ಸಮ್ಮೇಳನಕ್ಕೆ ತಯಾರಿ ಕಾಲೇಜಿನಲ್ಲಿ ನಡೆಯಿತು. ವ್ಯಾಯಾಮ, ದೇಹಶ್ರಮ, ಎದೆ, ಉಸಿರು ಇವುಗಳ ಬಗ್ಗೆ ಅಭ್ಯಾಸ ಮಾಡುವವರೆಲ್ಲ ಬೇರೆ ಬೇರೆ ರಾಜ್ಯಗಳಿಂದ ಬಂದು ಕುಂದಾಪುರದ ಒಂದು ಸಭಾಭವನದಲ್ಲಿ ಸೇರುವವರಿದ್ದರು. ಅವರೆದುರು ವೇದಿಕೆಯ ಮೇಲೆ ಮೊದಲ ಕೈ ಹಗ್ಗ ಎಳೆಯಬೇಕು, ಅವನ ಎದೆಯ ಬಡಿತವೂ ಉಸಿರಿನ ಲೆಕ್ಕವೂ ದೊಡ್ಡ ಪರದೆಯಲ್ಲಿ ಕಾಣಬೇಕು. ನಾನು ಪಕ್ಕದಲ್ಲಿ ನಿಂತು ಕೂಗಬೇಕು. ಬಲೆಯ ಭಾರಕ್ಕೆ ಬದಲಾಗಿ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಉರುಳೆ, ಅದಕ್ಕೆ ಸುತ್ತಿದ ನಮ್ಮದೇ ಹಗ್ಗ, ಉರುಳೆಯನ್ನು ಬೇಕಾದಷ್ಟು ಬಿಗಿಯುವ ಬೆಲ್ಟು. ನೆಲದಲ್ಲಿ ಮರಳಿಲ್ಲದೆ ಅವನ ಕಾಲು ಜಾರಿತು, ಒರಟು ಚಾಪೆ ಹಾಸಿದರು. ಉಸಿರು ಅಳೆಯಲು ಮೂಗುಬಾಯಿ ಮುಚ್ಚುವ ಮುಖವಾಡ ಇತ್ತು. ಅವನ ದಪ್ಪ ಮೀಸೆಯ ಸಂದಿನಿಂದ ಗಾಳಿ ಸೋರಿ ಲೆಕ್ಕ ಪೂರ್ತಿ ತಪ್ಪಿತು. ಮತ್ತೆ ಮತ್ತೆ ಕಟ್ಟಿದರೂ ಸೋರಿತು.

"ನಂಗೆ ಮೀಸೆ ಇಲ್ಲೆ ಮೇಡಂ" ಎಂದೆ ನಾನು. ತಮಾಷೆಯ ಹಾಗೆ ಹೇಳಿದೆ, ಆದರೆ ಅದು ತಮಾಷೆಯಾಗಿರಲಿಲ್ಲ.

"ನಿಮ್ಮ ಪ್ರಾಯಕ್ಕೆ ಈ ಪರೀಕ್ಷೆ ಮಾಡುಕಾಗ ತಾಂಡೇಲ್ರೆ. ನೀವ್ ಕೂಗಿ ಸಾಕ್."

ಮುಂದಿನ ಸಲ ಅವನು ಮೀಸೆ ಬೋಳಿಸಿಕೊಂಡು ಬಂದ. ಮದುವೆಯಾದಾಗಿನಿಂದ ಇದ್ದ ಮೀಸೆ. ನನಗೆ ಅವನ ಗುರುತೇ ಹತ್ತಲಿಲ್ಲ. ಅವನು ಮೇಲ್ತುಟಿ ಮುಟ್ಟಿಕೊಳ್ಳುತ್ತಾ, "ಮನೇಲಿ ಹೆಣ್ಣ್ ನೆಗಾಡ್ತೇ ಇತ್ತ್ ಅಣ್ಣಯ್ಯ" ಎಂದ. ಹೆಣ್ಣೆಂದರೆ ನಮ್ಮಲ್ಲಿ ಹೆಂಡತಿ. ಮುಖವಾಡ ಸರಿಯಾಗಿ ಕೂತಿತು.

ಸಮ್ಮೇಳನಕ್ಕೆ ಮೊದಲು ಹೆದ್ದಾರಿಯ ಪಕ್ಕ ದೊಡ್ಡ ಫ್ಲೆಕ್ಸ್ ಹಾಕಿದರು. ಕುಂದಾಪುರಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ನನ್ನ ಹೆಂಡತಿ ಅದನ್ನು ಮೊದಲು ಕಂಡಳು. ಚಿತ್ರದಲ್ಲಿ ಮೊದಲ ಕೈ ಹಗ್ಗ ಹಿಡಿದು ಒರಗಿ ನಿಂತಿದ್ದ, ಹಿಂದೆ ಕಡಲು. ಬದಿಯಿಂದ ಒಂದು ಕೈ ಮೊಣಕೈವರೆಗೆ ಮಾತ್ರ ಕಾಣುತ್ತಿತ್ತು.

"ಇದ್ ನಿಮ್ಮ ಕೈಯಲ್ದಾ? ತಾಮ್ರದ ಬಳೆ ಕಾಣ್ತ್."

"ಹೌದ್, ನಂದೇ."

"ಹಂಗಾರೆ ನೀವ್ ಎಲ್ಲಿ?"

ಬಸ್ಸು ಮುಂದೆ ಹೋಯಿತು.

ಸಮ್ಮೇಳನದ ದಿನ ನಮ್ಮಿಬ್ಬರನ್ನೂ ಕಾಲೇಜಿನ ಕಾರಿನಲ್ಲಿ ಕರೆದುಕೊಂಡು ಹೋದರು. ಅವನಿಗೆ ರಾತ್ರಿ ಗಂಜಿಯ ಮೇಲೆ ಏನೂ ಬೇಡ, ಚಾ ಬೇಡ, ಬೀಡಿ ಬೇಡ ಎಂದು ಮೊದಲೇ ಹೇಳಿದ್ದರು. ಅವನು ಬೀಡಿ ಸೇದುವವನೂ ಅಲ್ಲ, ಹೊಗೆಸೊಪ್ಪು ಮುಟ್ಟಿದವನೂ ಅಲ್ಲ. ಸಭಾಭವನದಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತು ಭಾಷಣ ಕೇಳಿದೆ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಮೆಲ್ಲಗೆ ಕನ್ನಡದಲ್ಲಿ ತಿಳಿಸುತ್ತಿದ್ದಳು. ಒಬ್ಬರು ದಿನವಿಡೀ ಕೂತೇ ಇರುವುದರಿಂದ ಆಗುವ ಕೇಡಿನ ಬಗ್ಗೆ ಮಾತಾಡಿದರು. ಬಹಳ ಹೊತ್ತು ಮಾತಾಡಿದರು, ಎಲ್ಲರೂ ಕೂತೇ ಕೇಳಿದರು. ಇನ್ನೊಬ್ಬರು ನಡಿಗೆಯ ಬಗ್ಗೆ, ಮತ್ತೊಬ್ಬರು ಮುದುಕರ ಸ್ನಾಯುಗಳ ಬಗ್ಗೆ ಹೇಳಿದರು. ಆ ಕೊನೆಯದನ್ನು ಕೇಳಲು ನನಗೆ ಮನಸ್ಸಿತ್ತು. ಅಷ್ಟರಲ್ಲಿ ಚಹಾ ವಿರಾಮವಾಯಿತು.

ಹೊರಗೆ ಹಲಗೆಗಳ ಮೇಲೆ ಅಂಟಿಸಿದ ಚಿತ್ರ, ನಕ್ಷೆಗಳ ನಡುವೆ ಮೊದಲ ಕೈಯ ಸುತ್ತ ಜನ ನೆರೆದಿದ್ದರು. ಒಬ್ಬರು ಅವನ ಮುಂಗೈ ಹಿಡಿದು ಒತ್ತಿ ನೋಡಿದರು. ಇನ್ನೊಬ್ಬರು ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು. ನಾನು ಅವನ ಬದಿಗೆ ಹೋಗಿ ನಿಂತೆ, ಕ್ಯಾಮೆರಾ ಹಿಡಿದವರು ಸ್ವಲ್ಪ ಆಚೆ ಸರಿಯಲು ಸನ್ನೆ ಮಾಡಿದರು. ಸರಿದೆ. ಆಗ ಕೋಟು ಹಾಕಿದ ಒಬ್ಬರು ನನ್ನ ಹತ್ತಿರ ಬಂದು, "ನಮ್ಮ ಗಾಡಿ ಎಲ್ಲಿ ನಿಲ್ಲಿಸಿದ್ದೀರಿ?" ಎಂದು ಕೇಳಿದರು. ನನ್ನನ್ನು ಡ್ರೈವರ್ ಎಂದುಕೊಂಡಿದ್ದರು.

ಡ್ರೈವರ್ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಗಳಿಗೆಯಲ್ಲಿ ನನ್ನ ಮೈ ಉರಿದುಹೋಯಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವನು ಕೂರುತ್ತಿದ್ದ, ಏಳುತ್ತಿದ್ದ.

"ಅಣ್ಣಯ್ಯ, ಎಲೆ ತಂದಿದ್ರ್ಯಾ?"

"ಎಂತಕೆ?"

"ಎಲೆ ಹಿಡೀದೆ ಹಗ್ಗಕ್ಕೆ ಕೈ ಹಾಕುಕೆ ಮನ್ಸ್ ಬತ್ತಿಲ್ಲೆ."

ನಾನು ಒಂದೇ ಮಾತು ಹೇಳಬಹುದಿತ್ತು. ಇವತ್ತು ಬೇಡ, ಮೇಡಂ ಬೇಡ ಎಂದಿದ್ದಾರೆ ಎಂದಿದ್ದರೆ ಅವನು ಕೇಳುತ್ತಿದ್ದ. ಬರಿಯ ಎಲೆಯಡಿಕೆ ಕೊಟ್ಟಿದ್ದರೂ ಇಷ್ಟಾಗುತ್ತಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿದೆ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಡಬ್ಬಿ ತೆರೆದು, ನಾನು ಹಾಕಿಕೊಳ್ಳುವುದಕ್ಕಿಂತಲೂ ದಪ್ಪನೆಯ ಹೊಗೆಸೊಪ್ಪಿನ ಎಳೆಯನ್ನು ಒಳಗಿಟ್ಟು ಮಡಚಿದೆ. ಅವನ ಗೆರೆ ಪರದೆಯ ಮೇಲೆ ಒಂದಿಷ್ಟು ಹಾರಲಿ, ನನ್ನದು ಹಾರಿದ ಹಾಗೆ ಹಾರಲಿ, ಎಲ್ಲರೂ ನೋಡಲಿ. ಅಷ್ಟೇ ನಾನು ಬಯಸಿದ್ದು. ಅಷ್ಟೇ ಎನ್ನುವ ಮಾತಿನಿಂದ ತಪ್ಪು ಚಿಕ್ಕದಾಗುವುದಿಲ್ಲ ಎಂದು ನನಗೆ ಗೊತ್ತು.

ಅವನು ಎರಡೂ ಕೈ ಚಾಚಿ ಹಿಡಿದ, ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡ. ಅಗಿಯುತ್ತಾ ಒಮ್ಮೆ ನನ್ನ ಮುಖ ನೋಡಿದ. ಕೋಣೆಗೆ ಕಾರ್ಪೆಟ್ ಹಾಸಿದ್ದರು, ಉಗುಳಲು ಜಾಗ ಇರಲಿಲ್ಲ. ರಸವನ್ನೆಲ್ಲ ನುಂಗಿದ. ಬಾಯಿ ತೊಳೆದು ಬರುವಷ್ಟರಲ್ಲಿ ಮೇಡಂ ಬಂದರು.

"ಬೆಳಿಗ್ಗೆಯಿಂದ ಎಂತಾರೂ ತಿಂದ್ರ್ಯಾ? ಚಾ ಗೀ ಕುಡಿದ್ರ್ಯಾ?"

"ಇಲ್ಲೆ ಮೇಡಂ. ರಾತ್ರಿ ಗಂಜಿ, ಅಷ್ಟೇ."

ಅವನು ಸುಳ್ಳು ಹೇಳಲಿಲ್ಲ. ಬಲೆಯ ಎಲೆ ತಿಂದ ಲೆಕ್ಕಕ್ಕೆ ಬರುವುದಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಹಗ್ಗ ಮುಟ್ಟುವ ಮೊದಲೇ ಪರದೆಯಲ್ಲಿ ಅವನ ಬಡಿತ ತಯಾರಿಯ ದಿನಗಳಿಗಿಂತ ಬಹಳ ಮೇಲಿತ್ತು. ಸಭೆಯ ಅಂಜಿಕೆ ಎಂದುಕೊಂಡ ಮೇಡಂ ಸ್ವಲ್ಪ ಕಾದರು, ಅದು ಇಳಿಯಲಿಲ್ಲ. ಶುರುಮಾಡಲು ನನಗೆ ಸನ್ನೆ ಮಾಡಿದರು. ನಾನು ಕೂಗಿದೆ, ಅವನು ಎಳೆದ. ನೀಲಿ ಗೆರೆ ಏರಿತು, ಆಮೇಲೆ ನಡುನಡುವೆ ಮುಗ್ಗರಿಸತೊಡಗಿತು. ಒಂದು ಬಡಿತ ಬೇಗ ಬಂದರೆ ಮುಂದಿನದು ತಡವಾಗಿ ಬರುತ್ತಿತ್ತು. ನನಗೆ ಮೊದಲು ಖುಷಿಯಾಯಿತು. ಇದನ್ನು ಬರೆಯದಿದ್ದರೆ ಉಳಿದುದನ್ನು ಬರೆದು ಫಲವಿಲ್ಲ. ನಾನು ಇನ್ನೂ ಗಟ್ಟಿಯಾಗಿ ಕೂಗಿದೆ. ಅವನ ಹಣೆಯಲ್ಲಿ ಬೆವರು ಸುರಿಯಿತು, ಮುಖ ಬೂದಿಯ ಬಣ್ಣವಾಯಿತು. ನಾನು ಕೂಗುತ್ತಿರುವವರೆಗೆ ಅವನು ಕೈ ಬಿಡಲಾರ, ಅದು ಹಗ್ಗದ ಕ್ರಮ. ಅವನು ಎಳೆಯುತ್ತಲೇ ಇದ್ದ.

ಮುಂದಿನ ಸಾಲಿನಿಂದ ಹೃದಯದ ವೈದ್ಯರೊಬ್ಬರು ಎದ್ದು, "ನಿಲ್ಲಿಸಿ" ಎಂದರು. ನಾನು ಬಾಯಿ ಮುಚ್ಚಿದೆ. ಅವನು ಹಗ್ಗ ಬಿಟ್ಟು, ಮುಖವಾಡ ಕಿತ್ತು, ಯಂತ್ರದ ಪಕ್ಕದ ಬಕೆಟಿಗೆ ವಾಂತಿ ಮಾಡಿದ. ಸಭೆಯಲ್ಲಿ ಯಾರೋ ಎದ್ದು, ಇವರ ಹೃದಯವನ್ನು ಮೊದಲು ಸರಿಯಾಗಿ ತಪಾಸಣೆ ಮಾಡಿಸಿದ್ದಿರಾ ಎಂದು ಮೇಡಂರನ್ನು ಕೇಳಿದರು. ಮಾಡಿಸಿದ್ದರು. ಆದರೆ ಪರದೆಯಲ್ಲಿ ಆ ಗೆರೆ ನಿಂತಿರುವಾಗ ಅವರ ಉತ್ತರವನ್ನು ಯಾರು ಕೇಳುತ್ತಾರೆ?

ಕುಂದಾಪುರದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಬಡಿತ ಸರಿಹೋಗಿದೆ, ಆದರೂ ಯಂತ್ರದ ಮೇಲೆ ನಡೆಸಿ ಪೂರ್ತಿ ಪರೀಕ್ಷೆ ಮಾಡದೆ ಭಾರದ ಕೆಲಸ ಬೇಡ, ಹಗ್ಗ ಮುಟ್ಟಲೇಬಾರದು ಎಂದರು. ಅವನು ಪರೀಕ್ಷೆಗೆ ಹೋಗಲಿಲ್ಲ. ಅವನ ಅಪ್ಪ ದೋಣಿಯಲ್ಲಿ ಎದೆ ಹಿಡಿದು ಬಿದ್ದು ಹೋದವರು. ಇನ್ನೊಂದು ಯಂತ್ರ ಹತ್ತುವುದಕ್ಕೇ ಅವನಿಗೆ ಹೆದರಿಕೆ. ಬೆಳಿಗ್ಗೆ ದಡಕ್ಕೆ ಬಂದು ಚಪ್ಪರದಡಿ ಬಲೆಯ ಹರಕು ಹೊಲಿಯುತ್ತಾ ಕೂರುತ್ತಿದ್ದ. ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ.

ನಾನು ಪಶ್ಚಾತ್ತಾಪ ಪಟ್ಟೆ ಎಂದುಕೊಳ್ಳಬೇಡಿ. ಆಗಲೂ ಹೊಟ್ಟೆಕಿಚ್ಚೇ. ಊರಿನವರು ಎಳನೀರು, ಹಣ್ಣು ಹಿಡಿದು ಅವನನ್ನು ನೋಡಲು ಬರುತ್ತಿದ್ದರು. ನನ್ನ ಮೊಣಕಾಲು ಸೋತಾಗ ಯಾರೂ ಒಂದು ಬಾಳೆಹಣ್ಣು ತಂದಿರಲಿಲ್ಲವಲ್ಲ ಎಂದುಕೊಂಡೆ. ಅವನ ಜಾಗಕ್ಕೆ ಬೇರೊಬ್ಬನನ್ನು ನಿಲ್ಲಿಸಿದೆ. ಅಲೆ ಬಂದಾಗ ಇವನು ಹಗ್ಗವನ್ನು ಬಿಗಿಹಿಡಿಯುತ್ತಿದ್ದ, ಅವನ ಹಾಗೆ ಅಲೆಯ ಜೊತೆ ಕೊಟ್ಟು ತೆಗೆಯಲು ಬರುತ್ತಿರಲಿಲ್ಲ. ಬಲೆ ಒಂದು ಬದಿಗೆ ವಾಲಿ ಮೀನು ಅಡಿಯಿಂದ ನುಸುಳಿ ಹೋಗುತ್ತಿತ್ತು. ಎಲ್ಲರೂ ಚಪ್ಪರದ ಕಡೆ ನೋಡುತ್ತಿದ್ದರು. ಹಗ್ಗದಲ್ಲಿ ಇಲ್ಲದೆಯೂ ಅವನೇ ಮೊದಲ ಕೈ.

ಒಂದು ದಿನ ಎಳೆತ ಮುಗಿದ ಮೇಲೆ ಅವನು ನನ್ನನ್ನು ಕರೆದ.

"ಅಣ್ಣಯ್ಯ, ಒಂಚೂರ್ ಕೂಕಣಿ. ನಿಮ್ಮ ಹತ್ರ ಒಂದ್ ಮಾತ್ ಕೇಣ್ಕ್."

ಕೂತೆ.

"ಕುಂದಾಪ್ರದಾಗೆ ಒಂದ್ ಫ್ಲ್ಯಾಟಿಗೆ ವಾಚ್‌ಮನ್ ಬೇಕ್ ಅಂಬ್ರ್. ಕುರ್ಚಿ ಮೇಲ್ ಕೂಕಂಬುದ್, ಗೇಟ್ ತೆಗುದ್. ಹೆಣ್ಣ್ ಹೋಯ್ನಿ ಅಂತ್ ಹಟ ಮಾಡ್ತಾ ಇತ್ತ್. ನಂಗೆ ಹಗ್ಗ ಹಿಡಿಸ್ದವ್ರ್ ನೀವ್. ನೀವ್ ಹೇಳಿ. ಹಗ್ಗ ಹಿಡಿಯುದಾ, ಬಿಡುದಾ? ನೀವ್ ಹೇಳ್ದಂಗ್ ಮಾಡ್ತೆ."

ಸೂಜಿ ಕೈಯಲ್ಲೇ ಇತ್ತು, ಅವನು ನನ್ನ ಬಾಯಿ ನೋಡುತ್ತಿದ್ದ. ಬಿಡು ಎಂದರೆ ಅವನು ಬಿಡುತ್ತಿದ್ದ. ಸಮ್ಮೇಳನದಲ್ಲಿ ಕೇಳಿದ್ದು ನೆನಪಾಯಿತು, ದಿನವಿಡೀ ಕೂತವನಿಗೆ ಆಗುವ ಕೇಡು. ಹಗ್ಗ ಪಳಗಿಸಿದ ಎದೆಯನ್ನು ನಾನು ಒಂದು ಮಾತಿನಿಂದ ಕುರ್ಚಿಗೆ ಕಟ್ಟಿಹಾಕಬಹುದಿತ್ತು.

"ನಾಳೆ ಹೇಳ್ತೆ" ಎಂದೆ.

ಮಾರನೆ ಬೆಳಿಗ್ಗೆ ಬಲೆಗೆ ಹೋಗದೆ ಬ್ರಹ್ಮಾವರದ ಬಸ್ಸು ಹತ್ತಿದೆ. ಅವನಿಗೆ ಹೇಳುವ ಧೈರ್ಯ ಇರಲಿಲ್ಲ. ಮೇಡಂರಿಗೆ ಹೇಳುವುದು ಸುಲಭ ಎನಿಸಿತು. ಅವರು ಕಂಪ್ಯೂಟರಿನ ಎದುರು ಕೂತಿದ್ದರು. ಮೊದಲ ಕೈಯ ಗೆರೆಗಳನ್ನೆಲ್ಲ ಅಧ್ಯಯನದಿಂದ ತೆಗೆದುಹಾಕುತ್ತಿದ್ದೇನೆ, ರೋಗ ಇದ್ದವರನ್ನು ಸೇರಿಸುವ ಹಾಗಿಲ್ಲ ಎಂದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಎಷ್ಟು ಹೊಗೆಸೊಪ್ಪು, ನುಂಗಿದ್ದಾ ಉಗುಳಿದ್ದಾ, ವೇದಿಕೆ ಹತ್ತುವುದಕ್ಕೆ ಎಷ್ಟು ಹೊತ್ತು ಮೊದಲು ಎಂದು ಒಂದೊಂದಾಗಿ ಕೇಳಿದರು. ಡಬ್ಬಿ ತೆಗೆದು ಮೇಜಿನ ಮೇಲೆ ತೋರಿಸಿದೆ. ಅಭ್ಯಾಸ ಇಲ್ಲದವನಿಗೆ ಅಷ್ಟು ಸಾಕು, ಎದೆ ಹಾಗೆ ಮುಗ್ಗರಿಸಲು ಅದೇ ಕಾರಣವಿರಬಹುದು, ಪರೀಕ್ಷೆ ಮಾಡಿಯೇ ಹೇಳಬೇಕು ಎಂದರು. ಆಮೇಲೆ ಕನ್ನಡಕ ತೆಗೆದರು.

"ತಾಂಡೇಲ್ರೆ, ನಾನ್ ಕೇಣುವತ್ತಿಗೆ ನೀವ್ ಅಲ್ಲೇ ಇದ್ರಿ."

"ಇದ್ದೆ ಮೇಡಂ."

"ಇದನ್ನ ಅವ್ರಿಗೆ ನಾನ್ ಹೇಳುದಿಲ್ಲೆ. ನೀವ್ ಹೇಳ್ಕ್. ಇವತ್ತೇ ಹೇಳ್ಕ್."

ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲ ಮಾತೂ ಜೋಡಿಸಿಕೊಂಡಿದ್ದೆ. ಚಪ್ಪರದಡಿ ಅವನೆದುರು ಕೂತ ಮೇಲೆ ಒಂದೂ ನೆನಪಾಗಲಿಲ್ಲ.

"ಆ ದಿನದ ಎಲೆಯಾಗೆ ಹೊಗೆಸೊಪ್ಪ್ ಇದ್ದಿತ್ತ್" ಎಂದೆ.

"ಗೊತ್ತಿತ್ತ್. ಬಾಯಿಗ್ ಹಾಕ್ದ ಕೂಡ್ಲೇ ಗಂಟ್ಲ್ ಉರೀತ್. ನಿಮ್ಮ ಎಲೆ ತಪ್ಪಿ ನಂಗೆ ಬಂತ್ ಅಂದ್ಕಂಡೆ."

"ಮತ್ತೆಂತಕೆ ಡಾಕ್ಟ್ರಿಗೆ ಹೇಳ್ಲಿಲ್ಲೆ?"

"ಹೇಳಿರೆ ಮೇಡಂ ನಿಮ್ಗೆ ಬೈತಿದ್ರ್. ಒಂದ್ ಎಲೆಯಿಂದ ಎಂತ ಆತ್ತ್? ನೀವ್ ದಿನಾ ತಿಂತ್ರಿ, ನಿಮ್ಗೆ ಎಂತದೂ ಆತಿಲ್ಲೆ. ನನ್ನ ಎದೆಯಾಗೇ ಹುಳ್ಕ್ ಇತ್ತ್ ಅಂದ್ಕಂಡೆ."

"ತಪ್ಪಿ ಬಂದದ್ದಲ್ಲ" ಎಂದೆ. "ನಾನೇ ಹಾಕ್ದದ್ದ್. ಹೊಟ್ಟೆಕಿಚ್ಚಿಗೆ ಹಾಕ್ದದ್ದ್."

ಅವನು ಸೂಜಿಯನ್ನು ಬಲೆಗೆ ಸಿಕ್ಕಿಸಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು.

"ಹಂಗಾರೆ ನನ್ನ ಎದೆ ಸರಿ ಇತ್ತಾ?" ಎಂದು ಕೇಳಿದ.

ಅವನಿಗೆ ಆಗ ಬೇಕಾದದ್ದು ಅದೊಂದೇ. ನನ್ನ ತಪ್ಪು, ನನ್ನ ಹೊಟ್ಟೆಕಿಚ್ಚು ಯಾವುದಕ್ಕೂ ಅವನ ಮನಸ್ಸಿನಲ್ಲಿ ಆಗ ಜಾಗವಿರಲಿಲ್ಲ. ಇಷ್ಟು ದಿನ ಅವನ ಜೊತೆ ಒಳಗೊಳಗೇ ಕುಸ್ತಿ ಹಿಡಿದವನು ನಾನೊಬ್ಬನೇ ಎಂದು ಆಗ ತಿಳಿಯಿತು.

ಸಿಟ್ಟು ಆಮೇಲೆ ಬಂತು. ಸಂಜೆ ಮೀನು ಪಾಲು ಮಾಡುವಲ್ಲಿ ಎಲ್ಲರೆದುರು ಅವನ ಹೆಂಡತಿ ನನ್ನನ್ನು ನಿಲ್ಲಿಸಿದಳು.

"ಅಣ್ಣಯ್ಯ ಅಣ್ಣಯ್ಯ ಅಂತ್ ನಿಮ್ಮ ಕಾಲ್ ಹಿಡಿತಿದ್ರ್. ರಾತ್ರಿ ಎದೆ ಮೇಲ್ ಕೈ ಇಟ್ಕಂಡ್ ಕೂಕಂತಿದ್ರ್, ನಿದ್ರಿ ಇಲ್ಲೆ. ನಿಮ್ಗೆ ಉಂಡದ್ದ್ ಹೆಂಗ್ ಮೈಗ್ ಹತ್ತಿತ್?"

ನಾನು ತಲೆ ತಗ್ಗಿಸಿ ನಿಂತೆ. ಬಲೆಯವರು ಯಾರೂ ನನ್ನ ಪರ ಮಾತಾಡಲಿಲ್ಲ, ಮಾತಾಡುವಂಥದ್ದು ಇರಲೂ ಇಲ್ಲ. ಅವನು ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟ.

ಮೇಡಂ ಅವನನ್ನು ಕುಂದಾಪುರದ ಹೃದಯದ ವೈದ್ಯರ ಹತ್ತಿರ ತಾವೇ ಕರೆದುಕೊಂಡು ಹೋದರು. ಹಗಲು ರಾತ್ರಿ ಎದೆಗೆ ಕಟ್ಟಿಕೊಳ್ಳುವ ಯಂತ್ರ, ನಡೆಯುವ ಯಂತ್ರ, ಎಲ್ಲವೂ ಆಯಿತು. ಎಲ್ಲಿಯೂ ದೋಷ ಕಾಣಲಿಲ್ಲ, ಹಗ್ಗ ಹಿಡಿಯಬಹುದು ಎಂದರು. ಅವನ ಗೆರೆಗಳು ಅಧ್ಯಯನಕ್ಕೆ ತಿರುಗಿ ಸೇರಿದವು. ಮಳೆಗಾಲದಲ್ಲಿ ಕಾಲೇಜಿನಲ್ಲೇ ಇನ್ನೊಂದು ಚಿಕ್ಕ ಸಮ್ಮೇಳನ ನಡೆಯಿತು, ಅಲ್ಲಿ ಅವನು ಮತ್ತೆ ಹಗ್ಗ ಎಳೆದ. ನನ್ನನ್ನು ಕೂಗಲು ಕರೆಯಲಿಲ್ಲ, ನನ್ನ ಕೂಗನ್ನು 'ದಡದ ಧ್ವನಿ' ಎಂದು ಮೊದಲೇ ಹಿಡಿದಿಟ್ಟದ್ದನ್ನು ಹಾಕಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ನೀಲಿ ಗೆರೆ ತಗ್ಗಿನಲ್ಲಿ ಹೋಗುತ್ತಿತ್ತು. ಕೊನೆಗೆ ಮೇಡಂ, ಈ ಕರಾವಳಿಯಲ್ಲಿ ಪರೀಕ್ಷೆ ಮಾಡುವವರು ಏನು ತಿಂದಿರಿ ಎಂದಷ್ಟೇ ಕೇಳಿದರೆ ಸಾಲದು, ಎಲೆಯಡಿಕೆಯನ್ನು ಹೆಸರು ಹಿಡಿದು ಕೇಳಬೇಕು ಎಂದರು. ಅದನ್ನು ಯಾರಿಂದ ಕಲಿತೆ ಎಂದು ಹೇಳಲಿಲ್ಲ. ಚಪ್ಪಾಳೆ ಬಂತು. ಆ ಚಪ್ಪಾಳೆ ಕೇಳಿ ಹಳೆಯ ಹೊಟ್ಟೆಕಿಚ್ಚು ಮತ್ತೆ ಬಂತು. ಬರುವುದಿಲ್ಲ ಎಂದುಕೊಂಡಿದ್ದೆ.

ಮಳೆ ನಿಂತು ಮೊದಲ ಬಲೆಯ ದಿನ, ನಾನು ಎಲೆಯ ಹರಿವಾಣವನ್ನು ಎಲ್ಲರ ನಡುವೆ ಮರಳಿನ ಮೇಲಿಟ್ಟೆ. ಇನ್ನು ನಾನು ಕೊಡುವುದಿಲ್ಲ, ಬೇರೆ ತಾಂಡೇಲನನ್ನು ನೋಡಿಕೊಳ್ಳಿ ಎಂದೆ. ಯಾರೂ ಮುಂದೆ ಬರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಮೊದಲ ಕೈ ಎದ್ದು ಬಂದು ಹರಿವಾಣದ ಮುಂದೆ ಕೂತ. ಅವನ ಮೀಸೆ ಮೊದಲಿನ ಹಾಗೇ ದಪ್ಪವಾಗಿತ್ತು.

"ಎಲೆ ನಾನ್ ಕೊಡ್ತೆ" ಎಂದ, ನನ್ನ ಮುಖ ನೋಡದೆ. "ಕೂಗುದ್ ಅವ್ರೇ ಕೂಗ್ಲಿ. ಬೇರೆಯವ್ರ ಕೂಗಿಗೆ ನನ್ನ ಕೈ ಹೋತಿಲ್ಲೆ."

ಅಣ್ಣಯ್ಯ ಎನ್ನಲಿಲ್ಲ.

ಒಬ್ಬೊಬ್ಬರಿಗೂ ಮಡಚಿ ಕೊಟ್ಟ. ಕೊನೆಗೆ ನನ್ನ ಸರದಿ. ಅವನು ಸ್ವಲ್ಪ ಆಚೆ ತಿರುಗಿ ಕೂತು ನನ್ನ ಎಲೆಯನ್ನು ಮಡಚಿದ. ಅವನ ಬೆನ್ನು ಅಡ್ಡ ಬಂದು, ಒಳಗೆ ಏನಿಟ್ಟ ಎಂದು ನನಗೆ ಕಾಣಲಿಲ್ಲ. ಎದ್ದು ಬಂದು ನನ್ನ ಎರಡೂ ಕೈಯಲ್ಲಿ ಇಟ್ಟು, ಈಗ ಮಾತ್ರ ನನ್ನ ಮುಖವನ್ನೇ ನೋಡುತ್ತಾ ನಿಂತ.

ಬಿಚ್ಚಿ ನೋಡಬೇಕೆಂದು ಬೆರಳು ಅಲುಗಿತು. ಬಿಚ್ಚಲಿಲ್ಲ. ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡು ಅಗಿದೆ. ಎಲೆ, ಅಡಿಕೆ, ಸುಣ್ಣ. ಬೇರೇನೂ ಇರಲಿಲ್ಲ. ಅವನು ಹೋಗಿ ಅಲೆ ಬಡಿಯುವಲ್ಲಿ ನಿಂತು ಹಗ್ಗ ಹಿಡಿದ, ನಾನು ಕೂಗಲು ಬಾಯಿ ತೆರೆದೆ.